ಬಾಯವ್ವನ ಹಿತ್ತಲದ ಮೆಣಸಿನ ಗಿಡಗಳು

ದೀಪಾವಳಿ ಮುಗಿದು ಕಬ್ಬು ಕಡಿಯುವ ಕೆಲಸ ಶುರುವಾಗುವ ಹೊತ್ತಿಗೆ ಮಂಜುಳಾಗೆ ಅಡಿಗೆಮನೆಗೆ ಕಾಲಿಡುವುದೇ ಬೇಡ ಅನ್ನಿಸುವಷ್ಟು ಸಾಕಾಗಿತ್ತು. ಒಂದೇ ಒಲೆ, ಒಂದೇ ಬೋಗುಣಿ. ಅದರಲ್ಲಿ ಮಾಡಿದ ಪಲ್ಯ ಅತ್ತೆ ಬಾಯವ್ವನಿಗೆ ಬಾಯಿಗಿಡಲಾಗದಷ್ಟು ಖಾರವಾಗುತ್ತಿತ್ತು, ಮಾವ ಮುದಕಪ್ಪನಿಗೆ ಏನೇನೂ ಸಾಲದಷ್ಟು ಸಪ್ಪಗಾಗುತ್ತಿತ್ತು.

"ಏನವ್ವಾ, ಖಾರದ ಡಬ್ಬಿ ಕಳದೈತೇನ?" ಎಂದು ಮಾವ ಊಟದ ಗಂಗಾಳ ಸರಿಸುತ್ತಿದ್ದ.

"ಪೂರಾ ಡಬ್ಬಿ ಸುರುವ್ಯಾಳ. ಬಾಯಿ ಸುಟ್ಟು ಹೋಗಾಕ ಹತ್ತೈತಿ ನಂದು," ಎಂದು ಅತ್ತೆ ಪಲ್ಯ ಬದಿಗಿಟ್ಟು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿಕೊಳ್ಳುತ್ತಿದ್ದಳು.

ಮಂಜುಳಾಗೆ ಇದು ಅರ್ಥವೇ ಆಗಿರಲಿಲ್ಲ. ಖಾರ ತಿನ್ನುವುದರಲ್ಲಿ ಬಾಯವ್ವನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಬಿಸಿ ರೊಟ್ಟಿಯ ಒಂದು ತುತ್ತು, ಉಪ್ಪಿಗೆ ಒತ್ತಿದ ಹಸಿಮೆಣಸಿನಕಾಯಿಯ ಒಂದು ತುಂಡು, ಅದು ಆಕೆಯ ಊಟ. ಮದುವೆಯಾಗಿ ಬಂದ ಹೊಸತರಲ್ಲಿ ಮಂಜುಳಾ ಅದನ್ನು ನೋಡಿ ಕಣ್ಣರಳಿಸಿದ್ದಳು. ಮುನವಳ್ಳಿಯ ಹತ್ತಿರದ ಆಕೆಯ ತವರಿನಲ್ಲೂ ಮೆಣಸಿನಕಾಯಿ ಬೆಳೆಯುತ್ತಿದ್ದರು. ಆದರೆ ಅಲ್ಲಿ ಕಾಯಿ ಬಿಡಿಸಿದ ಮೇಲೆ ಗಿಡ ಕಿತ್ತು ಒಲೆಗೆ ಹಾಕುವುದು. ಕಿತ್ತೂರಿನಿಂದ ಪಡುವಣಕ್ಕಿರುವ ಈ ಊರಿನಲ್ಲಿ ಬಾಯವ್ವ ಹಿತ್ತಲದ ಗಿಡಗಳನ್ನು ಕೀಳುತ್ತಿರಲಿಲ್ಲ. ಥಂಡಿ ಹತ್ತಿ, ಮುಂಜಾನೆ ಮಂಜು ಬಿದ್ದು, ಎಲೆ ಹಳದಿಯಾಗಿ ಹೂವು ಉದುರತೊಡಗಿದರೆ ಗಿಡವನ್ನು ಮೊಣಕಾಲಿಗಿಂತ ಕೆಳಗೆ ಕತ್ತರಿಸಿ, ಹುಲ್ಲು ಹೊದಿಸಿ, ಮಲಗಿಸಿದ ಹಾಗೆ ಬಿಡುತ್ತಿದ್ದಳು. ಬಿಸಿಲು ಬಲಿತಾಗ ಅವೇ ಮೋಟುಗಳು ಚಿಗುರಿ, ಊರಿಗೆಲ್ಲ ಹಸಿಮೆಣಸಿನಕಾಯಿ ಇಲ್ಲದ ಕಾಲದಲ್ಲಿ ಬಾಯವ್ವನ ಹಿತ್ತಲದಲ್ಲಿ ಇರುತ್ತಿತ್ತು.

ಅಂಥಾಕೆ ಈಗ ಒಗ್ಗರಣೆಯಲ್ಲಿ ಬಿದ್ದ ಮೆಣಸಿನಕಾಯಿಯ ಚೂರನ್ನೂ ಆರಿಸಿ ತೆಗೆಯುತ್ತಿದ್ದಳು. ಅಷ್ಟೇ ಆಗಿದ್ದರೆ ಮಂಜುಳಾ ಸಹಿಸುತ್ತಿದ್ದಳು. ಸೊಸೆ ಬೇಕೆಂದೇ ಖಾರ ಹಾಕುತ್ತಾಳೆಂದು ಅತ್ತೆ ಓಣಿಯವರ ಮುಂದೆಯೂ ಹೇಳತೊಡಗಿದ್ದಳು.

ಗಂಡ ಬಾಳು ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಡ್ರೈವರು. ಸುಗ್ಗಿಯಲ್ಲಿ ಮನೆಗೆ ಬರುತ್ತಿದ್ದುದೇ ಅಪರೂಪ. ಬಂದಾಗ ಮಂಜುಳಾ ಹೇಳಿಕೊಂಡಳು. ಅವನು ನಿದ್ದೆಗಣ್ಣಿನಲ್ಲೇ ಕೇಳಿದ.

"ಒಂದೀಟ ಕಡಿಮಿ ಹಾಕಿದ್ರ ನಿನ್ನ ಗಂಟ ಏನ ಹೋಗತೈತಿ?"

"ಕಡಿಮಿ ಹಾಕಿದ್ರ ಮಾವಾರು ಗಂಗಾಳ ನೂಕ್ತಾರ್ರಿ."

"ಬ್ಯಾರೆ ಬ್ಯಾರೆ ಮಾಡು."

"ಬ್ಯಾರೆ ಮಾಡಿದ್ರೂ ಅತ್ತಿ ಬೈತಾರ. ನೀವು ಒಂದ ದಿನಾ ಕುಂತು ನೋಡ್ರಿ."

ಅವನು ಕುಳಿತು ನೋಡಲಿಲ್ಲ. ಬೆಳಗಿಗೆ ಟ್ರ್ಯಾಕ್ಟರು ತೆಗೆದುಕೊಂಡು ಹೋದ.

ಅದೇ ವಾರ ಬೈಲಹೊಂಗಲಕ್ಕೆ ಮದುವೆ ಮಾಡಿ ಕೊಟ್ಟಿದ್ದ ಬಾಯವ್ವನ ಮಗಳು ಅನ್ನಪೂರ್ಣಾ ತವರಿಗೆ ಬಂದಳು. ಬಾಳುಗಿಂತ ಹಿರಿಯಳು, ಮಾತಿನಲ್ಲಿ ಚುರುಕು. ತಾಯಿಯ ಮುಖ ಇಳಿದದ್ದನ್ನು ಬಾಗಿಲಲ್ಲೇ ಕಂಡಳು.

"ಅವ್ವ, ಎಷ್ಟ ಬಡಕಲಾಗೀದಿ. ಊಟಾ ಮಾಡೂದಿಲ್ಲೇನ?"

"ಏನ ಮಾಡ್ಲಿ. ಮುಪ್ಪಾದವರು ಉಣ್ಣಬೇಕಂತ ಈ ಮನ್ಯಾಗ ಯಾರಿಗಿ ಐತಿ? ಬೇಕಂತನ ಖಾರ ಹಾಕ್ತಾಳ ಈಕಿ."

ಅನ್ನಪೂರ್ಣಾ ನೀರಿನ ತಂಬಿಗೆ ಹಿಡಿದು ನಿಂತಿದ್ದ ಮಂಜುಳಾನ ಕಡೆ ತಿರುಗಿದಳು. "ನಿಮ್ಮ ತವರಮನ್ಯಾಗೂ ಹಿಂಗ ಉಣಸ್ತಾರೇನವಾ ಹಿರ್‍ಯಾರಿಗಿ?"

"ಅಕ್ಕಾರ, ನೀವ ಒಂದ ತುತ್ತು ಬಾಯಾಗ ಹಾಕ್ಕೊಂಡು ಹೇಳ್ರಿ. ಖಾರ ಐತೇನು?"

"ನನ್ನ ಬಾಯಿ ಮಾತ ಅಲ್ಲಿದು. ಅವ್ವನ ಬಾಯಿ ಮಾತು."

ಮುದಕಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ, ಒಂದು ಮಾತೂ ಆಡಲಿಲ್ಲ. ಊಟ ಸಪ್ಪಗಿದೆ ಅಂತ ದಿನವೂ ಕೂಗಾಡುತ್ತಿದ್ದ ಮನುಷ್ಯ ಈಗ ಬಾಯಿಬಿಟ್ಟಿದ್ದರೆ ತನ್ನ ಮಾನ ಉಳಿಯುತ್ತಿತ್ತು ಅನ್ನಿಸಿ ಮಂಜುಳಾಗೆ ಹೊಟ್ಟೆ ಉರಿಯಿತು.

ಆ ಉರಿ ನಾಲ್ಕು ದಿನವಾದರೂ ಆರಲಿಲ್ಲ. ಅನ್ನಪೂರ್ಣಾ ಹೋದ ಮೇಲೆ ಒಂದು ಮಧ್ಯಾಹ್ನ ಬಾಯವ್ವ ಒಲೆಯ ಮುಂದೆ ಬಂದು, "ಇವತ್ತರ ಮನಶ್ಯಾರು ಉಣ್ಣೂವಂಗ ಮಾಡು," ಎಂದಳು. ಮಂಜುಳಾ ಹಿತ್ತಲಕ್ಕೆ ಹೋಗಿ ಅತ್ತೆಯದೇ ಗಿಡದ ಗಿಡ್ಡ ಮೆಣಸಿನಕಾಯಿಗಳನ್ನು ಉಡಿಯಲ್ಲಿ ಕಿತ್ತು ತಂದಳು. ಒಳಕಲ್ಲಿನಲ್ಲಿ ಬೆಳ್ಳುಳ್ಳಿ ಹಾಕಿ ಅರೆದು, ಜುಣಕಕ್ಕೆಂದು ಇಟ್ಟಿದ್ದ ಕಡಲೆಹಿಟ್ಟಿನೊಳಗೆ ಎಲ್ಲವನ್ನೂ ಕಲಸಿದಳು. ಮೇಲೆ ಮೊಸರು ಹಾಕಿ ಬಣ್ಣ ಮರೆಸಿದಳು.

"ಖಾರ ಹಾಕಿಲ್ಲೇನ?" ಬಾಯವ್ವ ಕೇಳಿದಳು.

"ಇಲ್ರಿ."

ಹಸಿದಿದ್ದ ಬಾಯವ್ವ ದೊಡ್ಡ ತುತ್ತನ್ನೇ ಇಟ್ಟುಕೊಂಡಳು. ಮುಂದಿನ ಗಳಿಗೆಯಲ್ಲಿ ಆಕೆ ಕೂಗಿದ ಕೂಗು ಖಾರ ಹತ್ತಿದವರ ಕೂಗಾಗಿರಲಿಲ್ಲ. ಎರಡೂ ಕೈಯಿಂದ ಎಡಗೆನ್ನೆ ಹಿಡಿದು ನೆಲಕ್ಕೆ ಬಾಗಿ, ಬಾಯಲ್ಲಿದ್ದುದನ್ನು ಗಂಗಾಳಕ್ಕೆ ಉಗುಳಿದಳು. ಬಿಳಿ ರೊಟ್ಟಿಯ ಮೇಲೆ ರಕ್ತವಿತ್ತು.

ಮಂಜುಳಾ ಮಜ್ಜಿಗೆ ತಂದು ಬಾಯಿಗೆ ಹಿಡಿದಳು. "ಅತ್ತಿ, ಬಾಯಿ ತೋರಸ್ರಿ. ಏನಾಗೈತಿ ನೋಡೂಣು, ತೋರಸ್ರಿ."

ಬಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಮುದಕಪ್ಪ ಒಳಗೆ ಇಣುಕಿ ನೋಡಿದ.

"ಉಷ್ಣಾ ಆಗಿರತೈತಿ. ಬಾಯಿ ಹುಣ್ಣಿಗೆಲ್ಲಾ ಇಷ್ಟ ಗದ್ದಲಾ ಮಾಡಬ್ಯಾಡ್ರಿ. ತುಪ್ಪಾ ಹಚ್ಚಿ ಬಿಡು."

ಮಂಜುಳಾ ಮತ್ತೊಮ್ಮೆ ಕೇಳಲಿಲ್ಲ. ಕೇಳಿದರೆ, ಆ ಜುಣಕಕ್ಕೆ ಏನು ಹಾಕಿದ್ದೆ ಅನ್ನುವ ಮಾತು ಬರುತ್ತದೆಂಬ ಅಂಜಿಕೆ ಅವಳಿಗೆ. ಗಂಗಾಳ ತೆಗೆದುಕೊಂಡು ಹೋಗಿ ದನದ ಮುಂದೂ ಹಾಕದೆ ತಿಪ್ಪೆಗೆ ಚೆಲ್ಲಿದಳು. ಅಂದಿನಿಂದ ಅತ್ತೆಗೆ ಬೇರೆಯೇ ಬೋಗುಣಿಯಲ್ಲಿ ಬೇಳೆಗಂಜಿ ಮಾಡಿ ಇಡುತ್ತಿದ್ದಳು. ಬಾಯವ್ವ ಬೈಯುವುದನ್ನು ನಿಲ್ಲಿಸಿದ್ದಳು. ಅದು ಬೈಗಳಿಗಿಂತ ಕಷ್ಟವಾಗಿತ್ತು.

ಕೆನ್ನೆ ಹೊರಗಿನಿಂದಲೂ ಊದಿಕೊಂಡ ಮೇಲೆ ಬಾಳು ತಾಯಿಯನ್ನು ಕಿತ್ತೂರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಒಮ್ಮೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ತಡ ಮಾಡದೆ ಹುಬ್ಬಳ್ಳಿಗೆ ಹೋಗಿರೆಂದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೆನ್ನೆಯೊಳಗಿನ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಕ್ಯಾನ್ಸರ್ ಎಂದರು. ದವಡೆಯ ಎಲುಬಿಗೂ ಕುತ್ತಿಗೆಯ ಗಂಟುಗಳಿಗೂ ಹೋಗಿದೆ, ಆಪರೇಶನ್ ಮಾಡುವ ಹಂತ ದಾಟಿದೆ ಎಂದರು.

"ತಂಬಾಕು ತಿಂತಿದ್ರಾ?" ಡಾಕ್ಟರು ಕೇಳಿದರು.

"ತಿನ್ನೂದಿಲ್ರಿ. ಮಿಶ್ರಿ ತಿಕ್ಕತಿದ್ಲು ಅಷ್ಟ," ಎಂದ ಮುದಕಪ್ಪ. ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೂ ವಸಡಿಗೂ ತಿಕ್ಕಿಕೊಳ್ಳುವುದು ಆ ಊರಿನ ಹೆಂಗಸರಿಗೆ ಚಹಾ ಕುಡಿದಷ್ಟೇ ಸಹಜವಾಗಿತ್ತು. ಬಾಯವ್ವ ಮತ್ತು ಪಕ್ಕದ ಮನೆಯ ರಹೀಮಬಿ ಹಿತ್ತಲದ ಗೋಡೆಯ ಆಚೆ ಈಚೆ ನಿಂತು, ಎಷ್ಟೋ ವರ್ಷಗಳಿಂದ ಒಂದೇ ಡಬ್ಬಿಯಿಂದ ತಿಕ್ಕಿಕೊಂಡವರು.

"ಮೊದಲ ಯಾವಾಗ ಗೊತ್ತಾತು ನಿಮಗೆ?" ಡಾಕ್ಟರು ಬಾಯವ್ವನನ್ನೇ ಕೇಳಿದರು.

"ಶ್ರಾವಣದಾಗ," ಎಂದಳು ಬಾಯವ್ವ. ಬಾಗಿಲ ಹತ್ತಿರ ನಿಂತ ಮಂಜುಳಾ ತಲೆ ತಗ್ಗಿಸಿದಳು. ಶ್ರಾವಣದಿಂದ ಈ ಮನೆಯಲ್ಲಿ ನಡೆದ ಜಗಳವೆಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಬಂತು.

ಕೆಲವು ವಾರ ಕೆನ್ನೆಗೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಹುಬ್ಬಳ್ಳಿಯಲ್ಲಿ ಮಂಜುಳಾನೇ ಜೊತೆಗಿದ್ದಳು. ಸುಗ್ಗಿ ಬಿಟ್ಟು ಬರಲು ಬಾಳುಗೆ ಆಗಲಿಲ್ಲ, ಅನ್ನಪೂರ್ಣಾ ಬಂದು ಎರಡು ದಿನ ಅತ್ತು ಹೋದಳು. ಊರಿಗೆ ಮರಳುವ ಹೊತ್ತಿಗೆ ಬಾಯವ್ವನ ಕೆನ್ನೆ ಕಪ್ಪಾಗಿ ಸುಲಿದಿತ್ತು. ಬಾಯಿ ಒಂದು ಬೆರಳು ಹೋಗುವಷ್ಟೇ ತೆರೆಯುತ್ತಿತ್ತು. ಮೂಗಿನಲ್ಲಿ ಸಣ್ಣ ನಳಿಗೆ ಇತ್ತು, ಅದರೊಳಗೆ ಗಂಜಿ ಸೋಸಿ ಬಿಡಬೇಕು.

ಅವರು ಮನೆಗೆ ಬಂದದ್ದು ಸಂಕ್ರಾಂತಿಯ ಮುಂಚಿನ ಥಂಡಿಯಲ್ಲಿ. ಬೆಳಿಗ್ಗೆ ಹಿತ್ತಲದ ಗೋಡೆಯೇ ಕಾಣದಷ್ಟು ಮಂಜು. ಬಾಯವ್ವ ಕಂಬಳಿ ಹೊದ್ದು ಹಿತ್ತಲದ ಬಾಗಿಲಲ್ಲಿ ಕೂತು ಗಿಡಗಳನ್ನು ನೋಡಿದಳು. ನೋಡುವವರಿಲ್ಲದೆ ಅವು ಕೆಟ್ಟಿದ್ದವು. ಎಲೆಗಳು ಮುದುರಿ ಹಳದಿಯಾಗಿದ್ದವು. ತುದಿಯಲ್ಲಿ ಒಂದಿಷ್ಟು ಬಿಳಿ ಹೂವು, ಅವೂ ಮುಟ್ಟಿದರೆ ಉದುರುವಂಥವು. ಬಾಯವ್ವ ಎರಡು ಬೆರಳು ಕತ್ತರಿಯಂತೆ ಆಡಿಸಿ ತೋರಿಸಿದಳು.

"ಕತ್ತರಸಬೇಕೇನ್ರಿ?" ಮಂಜುಳಾ ಕೇಳಿದಳು.

ಬಾಯವ್ವ ಹೌದೆಂದು ತಲೆಯಾಡಿಸಿದಳು.

ದನದ ಮೈ ತಿಕ್ಕುತ್ತಿದ್ದ ಮುದಕಪ್ಪ ಅಲ್ಲಿಂದಲೇ ಕೂಗಿದ. "ಏನೂ ಕತ್ತರಸೂದ ಬ್ಯಾಡ! ಮನ್ಯಾಗ ಬ್ಯಾನಿಯವರು ಮಲಗ್ಯಾರ. ಹೂವಾದ ಗಿಡಕ್ಕ ಈಗ ಕತ್ತರಿ ಹಾಕ್ತೀರೇನ? ನಾಕ ಮಂದಿ ಏನಂತಾರ?"

"ಮಾವಾರ, ಬಿಟ್ರ ಥಂಡಿಗಿ ಪೂರಾ ಹೋಗತಾವಂತ..."

"ಹೋಗ್ಲಿ. ತಾವಾಗಿ ಹೋಗ್ಲಿ. ನೀ ಕೈಯಾರೆ ಕಡೀಬ್ಯಾಡ."

ಬಾಯವ್ವ ಕೈಗೆ ಸಿಕ್ಕ ತಂಬಿಗೆಯನ್ನು ಹೊಸ್ತಿಲಿಗೆ ಕುಟ್ಟಿದಳು. ಮತ್ತೆ ಕುಟ್ಟಿದಳು. ನೀರು ಚೆಲ್ಲಿತು. ಮುದಕಪ್ಪ ಹೆಂಡತಿಯ ಮುಖ ನೋಡಿ, ಕೈಯಲ್ಲಿದ್ದ ಹುಲ್ಲಿನ ಸಿಂಬಿ ನೆಲಕ್ಕೆಸೆದು ಹೊರಗೆ ಹೋದ. ಅಂದಿನಿಂದ ಅವನು ಹಿತ್ತಲಕ್ಕೆ ಕಾಲಿಡಲಿಲ್ಲ, ಸೊಸೆಯ ಜೊತೆ ಮಾತೂ ಕಡಿಮೆ ಮಾಡಿದ.

ರಹೀಮಬಿ ಗೋಡೆಯ ಮೇಲಿಂದ ಕತ್ತರಿ ಕೊಟ್ಟಳು. ಆಕೆಯ ತೀರಿಹೋದ ಗಂಡ ಫಕ್ರುಸಾಬ ಅಂಗಿ ಹೊಲಿಯುತ್ತಿದ್ದವನು, ಕತ್ತರಿ ಅವನದು. ಮಂಜುಳಾ ಮೊದಲು ಉಳಿದ ಕಾಯಿಗಳನ್ನೆಲ್ಲ ಬಿಡಿಸಿದಳು. ಆಮೇಲೆ ಮೊದಲ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಡದ ಹತ್ತಿರ ಕತ್ತರಿ ಇಟ್ಟಳು. ಹಿಂದಿನಿಂದ ಬಾಯವ್ವ ಗಂಟಲಲ್ಲೇ ಸದ್ದು ಮಾಡಿದಳು. ಅಲ್ಲಲ್ಲ, ಮೇಲೆ. ಕಾಂಡ ಒಡೆದು ಕವಲಾಗುವ ಜಾಗಕ್ಕೆ ಬೆರಳು ತೋರಿಸಿದಳು. ಆ ಕವಲಿನ ಮೇಲೆ ಒಂದೆರಡು ಗಣ್ಣು ಬಿಟ್ಟು ಕತ್ತರಿಸಬೇಕು. ನೆಟ್ಟಗಲ್ಲ, ಓರೆ. ಮಂಜಿನ ನೀರು ಗಾಯದ ಮೇಲೆ ನಿಲ್ಲಬಾರದು. ಎಲೆ ಒಂದೂ ಉಳಿಯಬಾರದು. ಗಾಯಕ್ಕೆ ಸಗಣಿ ಮೆತ್ತಬೇಕು. ಇಷ್ಟನ್ನೂ ಬಾಯವ್ವ ಕೈಯಿಂದ, ಕಣ್ಣಿನಿಂದ, ನಡುನಡುವೆ ಹಲ್ಲಿನ ಸಂದಿಯಿಂದ ಬಂದ ಒಡೆದ ಮಾತುಗಳಿಂದ ಹೇಳಿದಳು.

ಬಿಸಿಲೇರುವ ಹೊತ್ತಿಗೆ ಹಿತ್ತಲದಲ್ಲಿ ಬರೀ ಮೋಟುಗಳು ನಿಂತಿದ್ದವು. ಮಂಜುಳಾ ಕೂದಲು ಸರಿಸಲು ಹೋಗಿ ಕಣ್ಣು ಮುಟ್ಟಿಕೊಂಡಳು. ಕಣ್ಣು ಉರಿ ಹತ್ತಿ ನೀರು ಧಾರೆಯಾಯಿತು. ಕಾಯಿ ಬಿಡಿಸಿದ ಬೆರಳುಗಳು ಬೆಂಕಿಯಲ್ಲಿಟ್ಟ ಹಾಗೆ ಉರಿಯುತ್ತಿದ್ದವು. ಬಾಯವ್ವ ಹತ್ತಿರ ಬಾ ಎಂದು ಸನ್ನೆ ಮಾಡಿ, ಅವಳ ಕೈಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು. ಒಂದೊಂದೇ ಬೆರಳು, ಉಗುರಿನ ಸಂದಿಯವರೆಗೆ.

ಮಂಜುಳಾಗೆ ತಡೆಯಲಾಗಲಿಲ್ಲ. "ಅತ್ತಿ, ಆ ದಿನಾ ಜುಣಕದಾಗ ನಾ ಬೇಕಂತನ ಹಾಕಿದ್ದೆ ಖಾರ. ಸಿಟ್ಟಿಗಿ ಹಾಕಿದ್ದೆ."

ಬಾಯವ್ವನ ಕೈ ನಿಲ್ಲಲಿಲ್ಲ. "ಗೊತ್ತ," ಎಂದಳು. ಜೊಲ್ಲು ಒರೆಸಿಕೊಂಡು, ಒಂದೊಂದೇ ಶಬ್ದ ಹೊರಗೆ ತಂದಳು. "ನಾನೂ... ಬೇಕಂತನ... ಬೈದೆ. ಹುಣ್ಣು... ಹೇಳಾಕ... ಅಂಜಿದ್ದೆ."

"ನನ್ನ ಮುಂದರ ಹೇಳಬೇಕಿತ್ತಲ್ರಿ ಅತ್ತಿ."

ಬಾಯವ್ವ ಸೊಸೆಯ ಇನ್ನೊಂದು ಕೈ ತೆಗೆದುಕೊಂಡು ಅದಕ್ಕೂ ಎಣ್ಣೆ ಹಚ್ಚಿದಳು.

ಆಮೇಲಿನ ದಿನಗಳಲ್ಲಿ ಮಂಜುಳಾಗೆ ಎರಡು ಕೆಲಸ ಒಟ್ಟಿಗೆ ನಡೆದವು. ಬೆಳಿಗ್ಗೆ ಅತ್ತೆಯ ನಳಿಗೆಗೆ ರಾಗಿ ಗಂಜಿ ಸೋಸುವುದು, ಸಂಜೆ ಮೋಟುಗಳ ಮೇಲೆ ಭತ್ತದ ಹುಲ್ಲು ಹೊದಿಸುವುದು. ನೀರು ಹಾಕಲು ಬಾಯವ್ವ ಬಿಡುತ್ತಿರಲಿಲ್ಲ. ಮಣ್ಣು ಮುಟ್ಟಿ ನೋಡಿ ಪುಡಿಯಾದರೆ ಮಾತ್ರ ಒಂದು ಚೆಂಬು. ಒಂದೆರಡು ಗಿಡಗಳಿಗೆ ಮಂಜುಳಾ ಕರುಣೆಯಿಂದ ಹೆಚ್ಚು ನೀರು ಹಾಕಿದಳು, ಅವು ಬುಡದಲ್ಲಿ ಕೊಳೆತು ಕೈಗೇ ಬಂದವು. ಅದನ್ನು ಅತ್ತೆಗೆ ಹೇಳಲಿಲ್ಲ.

ಒಂದು ದಿನ ಬಾಳು ಬಂದಾಗ ತಾಯಿಯ ಹತ್ತಿರ ಕೂತು ಬಹಳ ಹೊತ್ತು ಕಾಲೊತ್ತಿದ. ಒಳಗೆ ಬಂದು ಹೆಂಡತಿಗೆ, "ನಾ ಕುಂತು ನೋಡಬೇಕಿತ್ತು," ಎಂದ. ಮಂಜುಳಾ ರೊಟ್ಟಿ ಬಡಿಯುತ್ತಲೇ ಇದ್ದಳು. "ಊಟಾ ಮಾಡ್ರಿ," ಎಂದಳು.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗಲೇ, ಒಂದು ಮುಂಜಾನೆ ಗಂಜಿ ತೆಗೆದುಕೊಂಡು ಹೋದಾಗ ಬಾಯವ್ವ ಏಳಲಿಲ್ಲ.

ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನ. ಅನ್ನಪೂರ್ಣಾ ಕೈಕಾಲು ತೊಳೆಯಲು ಹಿತ್ತಲಕ್ಕೆ ಬಂದವಳು ಹುಲ್ಲು ಸರಿಸಿ ನೋಡಿ ಎದೆ ಬಡಿದುಕೊಂಡಳು. "ಅಯ್ಯೋ, ನಮ್ಮವ್ವ ಇರಾಗನ ಎಲ್ಲಾ ಕಡದ ಹಾಕ್ಯಾಳ ಈಕಿ! ಎಲ್ಲಾ ಒಣಗಿ ಕಡ್ಡಿ ಆಗ್ಯಾವ!" ನೆರೆದ ಹೆಂಗಸರು ಮಂಜುಳಾನ ಕಡೆ ನೋಡಿದರು. ಹೇಳುವುದಕ್ಕೆ ಮಾತಿತ್ತು, ಆದರೆ ಹೌದೆನ್ನಲು ಬಾಯವ್ವ ಇರಲಿಲ್ಲ. ಗೋಡೆಯಾಚೆಯಿಂದ ರಹೀಮಬಿಯೇ ಕೂಗಿ ಹೇಳಬೇಕಾಯಿತು: "ಅನ್ನಪೂರ್ಣಾ, ಸುಮ್ಮನಿರು. ನಿಮ್ಮವ್ವ ತಾನ ಮುಂದ ಕುಂತು ಕಡಿಸ್ಯಾಳ. ಕತ್ತರಿ ಕೊಟ್ಟಾಕಿ ನಾನ."

ಕಾರ್ಯಗಳೆಲ್ಲ ಮುಗಿದು ಮನೆ ಬರಿದಾಯಿತು. ಮುದಕಪ್ಪ ಏನು ಬಡಿಸಿದರೂ ಉಂಡು ಏಳುತ್ತಿದ್ದ. ಖಾರ ಸಾಲದು ಅನ್ನುತ್ತಿರಲಿಲ್ಲ, ಸಾಕು ಅಂತಲೂ ಅನ್ನುತ್ತಿರಲಿಲ್ಲ. ಒಮ್ಮೆ ಮಂಜುಳಾ ಉಪ್ಪೇ ಹಾಕದೆ ಬಡಿಸಿದ್ದಳು. ತಾನು ಉಣ್ಣಲು ಕೂತಾಗ ಗೊತ್ತಾಗಿ ಓಡಿಹೋಗಿ ಕೇಳಿದರೆ, "ನನಗ ತಿಳೀಲಿಲ್ಲವ್ವಾ," ಎಂದ.

ಹೋಳಿಯ ಹೊತ್ತಿಗೆ ಗಾಳಿ ಬಿಸಿಯಾಯಿತು. ಒಂದು ದಿನ ಹುಲ್ಲು ತೆಗೆದು ಹಾಕುತ್ತಿದ್ದ ಮಂಜುಳಾ ಒಂದು ಗಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಳು. ಮರುವಾರ ಇನ್ನೂ ಕೆಲವು. ಎಲ್ಲವೂ ಬರಲಿಲ್ಲ. ಅರ್ಧದಷ್ಟು ಕಡ್ಡಿಗಳನ್ನು ಕಿತ್ತು ಹಾಕಬೇಕಾಯಿತು. ಬಂದವು ಮಾತ್ರ ಕವಲಿಗೆ ಕವಲು ಒಡೆದು ದಟ್ಟವಾಗಿ ಬೆಳೆದು, ಮೊದಲ ಹೂವು ಬಿಟ್ಟವು. ಬಾಯವ್ವ ಹೇಳಿದ ಹಾಗೆ ಮಂಜುಳಾ ಆ ಹೂವುಗಳನ್ನು ಚಿವುಟಿದಳು. ಗಿಡ ಮೊದಲು ಮೈ ತುಂಬಬೇಕು, ಕಾಯಿ ಆಮೇಲೆ.

ರಹೀಮಬಿ ನೋಡಲು ಬಂದಳು. ಮಧ್ಯಾಹ್ನ ಬಾಗಿ ಸಂಜೆಯಾಗುತ್ತಿತ್ತು. ಗಿಡದ ಹತ್ತಿರ ಬಗ್ಗಿ ಎಲೆ ಮುಟ್ಟಿದಳು, ಅಲ್ಲೇ ಕೂತು ಅಳತೊಡಗಿದಳು.

"ನಾನ ಚಟಾ ಹಚ್ಚಿದೆ ಆಕಿಗಿ. ಮದುವಿಯಾಗಿ ಬಂದಾಗ ಹಲ್ಲ ನೋಯ್ತಾವಂತ ಅಳಾಕ ಹತ್ತಿದ್ಲು. ನಾನ ಕೊಟ್ಟೆ, ತಿಕ್ಕು ಕಡಿಮಿ ಆಗತೈತಿ ಅಂತ."

ಮಂಜುಳಾ ಪಕ್ಕದಲ್ಲಿ ಕೂತಳು. ಅಳುತ್ತ ಅಳುತ್ತಲೇ ರಹೀಮಬಿಯ ಕೈ ನಡುವಿನ ಚೀಲಕ್ಕೆ ಹೋಯಿತು. ಡಬ್ಬಿ ಹೊರಗೆ ಬಂತು. ಬೆರಳಿಗೆ ಪುಡಿ ಹತ್ತಿಸಿ ಬಲಗಡೆಯ ವಸಡಿಗೆ ಇಟ್ಟುಕೊಂಡಳು.

"ಚಾಚಿ, ಎಡಗಡೆ ಯಾಕ ಹಚ್ಕೊಳ್ಳಿಲ್ಲ? ಮೊದಲ ಆ ಕಡೀನ ಹಚ್ತಿದ್ರಿ."

"ಅಲ್ಲಿ ಚುರುಚುರು ಅಂತೈತಿ."

"ಎಂದಿನಿಂದ?"

"ಎಂದಿನಿಂದ ಅಂತ ಹೇಳ್ಲಿ. ಇರತೈತಿ ಬಿಡು, ವಯಸ್ಸಾತು."

ಮಂಜುಳಾ ಡಬ್ಬಿಯನ್ನು ಆಕೆಯ ಕೈಯಿಂದ ತೆಗೆದುಕೊಂಡು ಗೋಡೆಯ ಮೇಲಿಟ್ಟಳು. ಚೆಂಬಿನ ನೀರು ಕೊಟ್ಟಳು. "ಬಾಯಿ ಮುಕ್ಕಳಿಸ್ರಿ. ಮುಕ್ಕಳಿಸಿ ಬಾಯಿ ತೆರೀರಿ."

"ಏ ಹುಚ್ಚಿ, ಏನ ನೋಡ್ತಿ?"

"ತೆರೀರಿ ಚಾಚಿ. ಇಲ್ಲಂದ್ರ ನಾ ಬಿಡೂದಿಲ್ಲ."

ರಹೀಮಬಿ ಮುಕ್ಕಳಿಸಿ ಬಿಸಿಲಿನ ಕಡೆ ಮುಖ ಮಾಡಿ ಬಾಯಿ ತೆರೆದಳು. ಮಂಜುಳಾ ಆಕೆಯ ಗದ್ದ ಹಿಡಿದು ಕೆನ್ನೆ ಹೊರಕ್ಕೆಳೆದಳು. ಬಿಸಿಲು ಒಳಗೆ ಮುಟ್ಟುತ್ತಿರಲಿಲ್ಲ. "ಮಾವಾರ!" ಎಂದು ಕೂಗಿದಳು. "ಬ್ಯಾಟರಿ ತಗೊಂಡ ಬರ್ರಿ!"

ಸ್ವಲ್ಪ ಹೊತ್ತಿಗೆ ಮುದಕಪ್ಪ ಹಿತ್ತಲದ ಬಾಗಿಲಲ್ಲಿ ಕಾಣಿಸಿದ. ಹೊಸ್ತಿಲ ಮೇಲೆ ನಿಂತು ಚಿಗುರಿದ ಗಿಡಗಳನ್ನು ನೋಡಿದ, ಬಾಯಿ ತೆರೆದು ಕೂತ ರಹೀಮಬಿಯನ್ನು ನೋಡಿದ. ಏನು ನಡೆದಿದೆಯೆಂದು ಯಾರೂ ಹೇಳಬೇಕಾಗಲಿಲ್ಲ. ಇಳಿದು ಬಂದು ಬ್ಯಾಟರಿ ಹಿಡಿದ. ಬೆಳಕು ಬರೀ ಹಲ್ಲಿನ ಮೇಲೆ ಬಿತ್ತು. ಮಂಜುಳಾ ಅವನ ಮಣಿಕಟ್ಟು ಹಿಡಿದು ಒಳಗಿನ ಕಡೆ ತಿರುಗಿಸಿದಳು.

ಕೆನ್ನೆಯ ಒಳಗೆ, ಹಿಂದಿನ ಹಲ್ಲಿನ ಹತ್ತಿರ, ಉಗುರಗಲದ ಬಿಳಿ ಕಲೆಯಿತ್ತು.

ರಹೀಮಬಿ ಬಾಯಿ ಮುಚ್ಚಿ ಇಬ್ಬರ ಮುಖವನ್ನೂ ನೋಡಿದಳು. "ಏನೈತಿ?" ಎಂದಳು. ಮುದಕಪ್ಪ ಬ್ಯಾಟರಿ ಆರಿಸುವುದನ್ನು ನೋಡಿ, "ಹುಣ್ಣೇನು?" ಎಂದಳು.

"ಏನೈತೋ ನಮಗ ತಿಳೀದಿಲ್ಲ ಚಾಚಿ. ಡಾಕ್ಟರು ನೋಡಿ ಹೇಳ್ಲಿ. ಇನ್ನೂ ಸಣ್ಣದೈತಿ," ಎಂದಳು ಮಂಜುಳಾ.

"ಮುಂಜಾನಿ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗಿ ಹೋಗೂಣು," ಎಂದ ಮುದಕಪ್ಪ.

"ಹೊಲದಾಗ ಕೆಲಸ ಐತಿ, ಅದ ಮುಗೀಲಿ..." ರಹೀಮಬಿ ಶುರುಮಾಡಿದಳು.

"ಬ್ಯಾಡ," ಎಂದ ಮುದಕಪ್ಪ. ಧ್ವನಿ ಏರಿತ್ತು, ಆಮೇಲೆ ತಾನಾಗಿ ಇಳಿಯಿತು. "ಬ್ಯಾಡ ತಂಗಿ. ನಾಳೇನ ಹೋಗೂದು. ನಾನೂ ಬರತೇನಿ."

ರಹೀಮಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಂಜುಳಾ ಎದ್ದು ಒಳಗೆ ಹೋದಳು. ಮುಂಜಾನೆ ಬಸ್ಸಿಗೆ ಹೋಗಬೇಕಾದರೆ ಮೂವರಿಗೂ ಬುತ್ತಿ ಕಟ್ಟಬೇಕಿತ್ತು. ಅವಳು ಜೋಳದ ಹಿಟ್ಟು ಸೋಸಿ, ಒಲೆ ಹೊತ್ತಿಸಿದಳು.